ಶಾಲಾ ಲೈಬ್ರರಿಗೆ ಕೆನಡಾದ ಹದಿಹರೆಯದವರ ಕಾದಂಬರಿಗಳನ್ನು ಹೇಗೆ ಆರಿಸಬೇಕು?

ಮಕ್ಕಳೇ ಮತ ಹಾಕುವ ಪಟ್ಟಿಯಿಂದ ಶುರು ಮಾಡಿ, ದೊಡ್ಡವರು ಕೊಡುವ ಪ್ರಶಸ್ತಿಗಳನ್ನು ಆಮೇಲೆ ನೋಡಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂಟಾರಿಯೊ ಲೈಬ್ರರಿ ಅಸೋಸಿಯೇಷನ್ ನಡೆಸುವ ಫಾರೆಸ್ಟ್ ಆಫ್ ರೀಡಿಂಗ್ ಕಾರ್ಯಕ್ರಮದಲ್ಲಿ 7–8ನೇ ತರಗತಿಗೆ ರೆಡ್ ಮೇಪಲ್, ಹೈಸ್ಕೂಲಿಗೆ ವೈಟ್ ಪೈನ್ ಅಂತ ಪಟ್ಟಿಗಳಿವೆ. ಇಲ್ಲಿ ಗೆಲ್ಲುವ ಪುಸ್ತಕ ಯಾವುದು ಅಂತ ಓದಿದ ಮಕ್ಕಳೇ ಆರಿಸುತ್ತಾರೆ.

ಇದು ಯಾಕೆ ಮುಖ್ಯ ಅಂದ್ರೆ, ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗವರ್ನರ್ ಜನರಲ್ ಪ್ರಶಸ್ತಿಯಂಥದ್ದು ಬರವಣಿಗೆ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಆದರೆ 15 ವರ್ಷದ ಹುಡುಗ ಅದನ್ನು ಕೊನೆವರೆಗೂ ಓದುತ್ತಾನಾ ಅಂತ ಹೇಳುವುದಿಲ್ಲ. ಯಾರೂ ಮುಟ್ಟದ ಪುಸ್ತಕ ಸುಮ್ನೆ ಜಾಗ ತಿನ್ನುತ್ತದೆ, ಅಲ್ವಾ?

ಆದರೆ ಒಂದು ವಿಷಯದಲ್ಲಿ ಜನಪ್ರಿಯತೆಗೆ ಕಾಯಬೇಡಿ. ಕೆನಡಾದ ಮೂಲನಿವಾಸಿಗಳ ಕಥೆಗಳನ್ನು ಆ ಸಮುದಾಯದ ಲೇಖಕರೇ ಬರೆದದ್ದನ್ನು ಹುಡುಕಿ ತರಿಸಿ. ಮಕ್ಕಳನ್ನು ಮನೆಯಿಂದ ಕಿತ್ತು ಭಾಷೆ ಮರೆಸಿದ ವಸತಿ ಶಾಲೆಗಳ ಚರಿತ್ರೆ ಅಲ್ಲಿನದು, ಹೊರಗಿನವರು ಬರೆದಾಗ ಅದು ಬರೀ ಹಿನ್ನೆಲೆಯಾಗಿಬಿಡುವ ಅಪಾಯ ಜಾಸ್ತಿ. ಕೆನಡಾದ ಮೂಲನಿವಾಸಿಗಳಲ್ಲಿ ಒಂದಾದ ಮೇಟಿ ಸಮುದಾಯದ ಲೇಖಕಿ ಶೆರಿ ಡಿಮಲೀನ್ ಅವರ 'ದಿ ಮ್ಯಾರೋ ಥೀವ್ಸ್' ಅದೇ ನೋವನ್ನು ಭವಿಷ್ಯದ ಸಾಹಸಕಥೆಯಾಗಿ ಹೇಳುತ್ತದೆ. 2017ರಲ್ಲಿ ಗವರ್ನರ್ ಜನರಲ್ ಪ್ರಶಸ್ತಿ ಪಡೆದ ಪುಸ್ತಕ ಅದು. ಬಜೆಟ್ ಕಡಿಮೆ ಇದ್ದರೆ ನಾನು ಮೊದಲು ಇದನ್ನೇ ಕೊಳ್ಳುತ್ತೇನೆ, ಆಗುವುದಾದರೆ ಎರಡು ಪ್ರತಿ.