ಉಪ್ಪಿನಕಾಯಿ ಕೆಡಲ್ಲ, ಬೇಸಿಲ್ ಎಣ್ಣೆ ಯಾಕೆ ಕೆಡುತ್ತೆ?

ಪ್ರಶ್ನೆ: ಮೇಡಂ, ತಾರಸಿಯ ಕುಂಡದಲ್ಲಿ ಬೇಸಿಲ್ ಹುಲುಸಾಗಿ ಬಂದಿದೆ. ಒಂದು ಹಿಡಿ ಸೊಪ್ಪು ತೊಳೆದು, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ, ಆಲಿವ್ ಎಣ್ಣೆ ಬಾಟಲಿಗೆ ಹಾಕಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಮೂರು ವಾರ ಆಯ್ತು. ಘಮ ಚೆನ್ನಾಗಿಯೇ ಇದೆ, ಆದರೆ ತಳದಲ್ಲಿ ಮಬ್ಬು ನೀರು ನಿಂತಿದೆ. ಬಳಸಬಹುದಾ? ನಮ್ಮತ್ತೆ, 'ಮಾವಿನಕಾಯಿ ಉಪ್ಪಿನಕಾಯಿ ವರ್ಷವಿಡೀ ಎಣ್ಣೆಯಲ್ಲೇ ಇರುತ್ತಲ್ಲ, ಇದಕ್ಕೇನಾಗುತ್ತೆ' ಅಂತಾರೆ. – ಓದುಗರು, ಚಿಂತಾಮಣಿ

ಉತ್ತರ: ಬೇಡ, ಚೆಲ್ಲಿಬಿಡಿ. ಆಲಿವ್ ಎಣ್ಣೆ ಬೆಲೆ ನನಗೂ ಗೊತ್ತು, ಹೊಟ್ಟೆ ಉರಿಯುತ್ತೆ. ಆದರೂ ಚೆಲ್ಲಿ. 'ಒಂದು ತೊಟ್ಟು ರುಚಿ ನೋಡೋಣ' ಅಂತ ನಾಲಿಗೆಗೂ ಇಟ್ಟುಕೊಳ್ಳಬೇಡಿ.

ನಿಮ್ಮತ್ತೆ ಕೇಳಿದ್ದು ಒಳ್ಳೆ ಪ್ರಶ್ನೆ. ಉಪ್ಪಿನಕಾಯಿಯನ್ನು ಕಾಪಾಡೋದು ಉಪ್ಪು ಮತ್ತು ಹುಳಿ. ಎಣ್ಣೆ ಮೇಲೆ ನಿಂತು ಗಾಳಿ ತಡೆಯುತ್ತೆ, ಬೂಸ್ಟು ಹಿಡಿಯದ ಹಾಗೆ, ಅಷ್ಟೇ. ಬೇಸಿಲ್‌ನಲ್ಲಿ ಅಂಥ ಹುಳಿ ಇಲ್ಲ, ನೀವು ಉಪ್ಪೂ ಹಾಕಿಲ್ಲ. ಉಳಿದದ್ದು ಗಾಳಿ ಆಡದ ಜಾಗ ಮಾತ್ರ. ಅಪಾಯ ಶುರುವಾಗೋದು ಅಲ್ಲೇ.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಸೊಪ್ಪಿಗೂ ಬೆಳ್ಳುಳ್ಳಿಗೂ ಅಂಟಿಕೊಂಡು ಅಡುಗೆಮನೆಗೆ ಬರುತ್ತವೆ. ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಗಾಳಿ ಇರೋ ಕಡೆ ಸುಮ್ನೆ ಮಲಗಿರುತ್ತವೆ. ಗಾಳಿ ಇಲ್ಲದ, ಹುಳಿ ಇಲ್ಲದ, ಸ್ವಲ್ಪ ತೇವ ಇರುವ ಬೆಚ್ಚಗಿನ ಜಾಗ ಸಿಕ್ಕಿದರೆ ಎಚ್ಚರವಾಗಿ ವಿಷ ತಯಾರಿಸುತ್ತವೆ. ಹುಳಿ ಅಳೆಯುವ ಪಿಎಚ್ (ಇದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕಡಿಮೆ ಇದ್ದರೆ ಅವು ಬೆಳೆಯಲ್ಲ. ಮಾವಿನಕಾಯಿ, ನಿಂಬೆಕಾಯಿ ಅದಕ್ಕಿಂತ ಎಷ್ಟೋ ಹುಳಿ. ನಿಮ್ಮ ಬಾಟಲಿಯ ತಳದಲ್ಲಿ ನಿಂತಿದೆಯಲ್ಲ ಮಬ್ಬು ನೀರು, ಅದು ಸೊಪ್ಪು ಬಿಟ್ಟ ನೀರು. ಆ ಬ್ಯಾಕ್ಟೀರಿಯಾಗೆ ಬೇಕಾದ ತೇವ ಅದೇ.

ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಹಾಗಾಗಿ ಘಮ ಚೆನ್ನಾಗಿದೆ ಅನ್ನೋದನ್ನು ನಂಬುವ ಹಾಗಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ, ಫ್ರಿಜ್‌ನಲ್ಲಿ ಇಡದ ಎಣ್ಣೆ-ಬೆಳ್ಳುಳ್ಳಿಯಿಂದ 36 ಜನ ಬಾಟ್ಯುಲಿಸಂಗೆ, ಅಂದರೆ ಈ ವಿಷದಿಂದ ಬರುವ ಕಾಯಿಲೆಗೆ, ತುತ್ತಾದರು. ಈಗಾಗಲೇ ಯಾರಾದರೂ ಆ ಎಣ್ಣೆ ತಿಂದಿದ್ದು, ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣೋದು, ರೆಪ್ಪೆ ಜೋತು ಬೀಳೋದು, ಮಾತು ತೊದಲೋದು, ನುಂಗಲು ಕಷ್ಟ ಆಗೋದು ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಏನು ತಿಂದಿದ್ದು ಅಂತಲೂ ವೈದ್ಯರಿಗೆ ಹೇಳಿ.

ಎಣ್ಣೆ ಕಾಯಿಸಿ ಹಾಕಿದರೆ ಸರಿ ಹೋಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೀಜಕಗಳು ಕುದಿಯುವ ನೀರಿಗೂ ಜಗ್ಗಲ್ಲ. ಎಣ್ಣೆಯನ್ನು ಇನ್ನೂ ಜಾಸ್ತಿ ಕಾಯಿಸಿ ಹಾಕಿದರೆ ಬೇಸಿಲ್ ಕರಿದ ಕರಿಬೇವಾಗುತ್ತೆ, ಘಮ ಎಲ್ಲಿ ಉಳಿಯುತ್ತೆ?

ಹಾಗಂತ ಬೇಸಿಲ್ ಎಣ್ಣೆಯನ್ನೇ ಬಿಡಬೇಕಿಲ್ಲ. ನಾನು ಮಾಡೋದು ಹೀಗೆ. 50 ಗ್ರಾಂ ಎಲೆಯನ್ನು ಕುದಿಯುವ ನೀರಿಗೆ ಹಾಕಿ, ಹತ್ತು ಎಣಿಸುವಷ್ಟರಲ್ಲಿ ತೆಗೆದು ಐಸ್ ನೀರಿಗೆ ಹಾಕುತ್ತೇನೆ. ಹೀಗೆ ಮಾಡದಿದ್ದರೆ ಎಲೆ ಕಪ್ಪಾಗುತ್ತೆ. ಬಿಸಿ ನೀರು ಕಂಡ ಎಲೆ ಹಚ್ಚಗೇ ಉಳಿಯುತ್ತೆ. ಆಮೇಲೆ ಹಿಂಡಿ, ಹಳೇ ಪಂಚೆ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆಯಬೇಕು. ಬಟ್ಟೆಗೆ ಹಸಿರು ಕಲೆ ಬಿದ್ದೇ ಬೀಳುತ್ತೆ, ಒಳ್ಳೆ ಬಟ್ಟೆ ತೆಗೋಬೇಡಿ. 200 ಮಿ.ಲೀ. ಎಣ್ಣೆ ಜೊತೆ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ಎರಡು ಮೂರು ಸಲ ತಿರುಗಿಸಿ ಸೋಸಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಕಹಿ ಬರುತ್ತೆ.

ಈ ಎಣ್ಣೆ ಫ್ರಿಜ್‌ನಲ್ಲೇ ಇರಬೇಕು, ಅದೂ ಒಳಗಡೆ ಶೆಲ್ಫ್‌ನಲ್ಲಿ. ಬಾಗಿಲ ಕಡೆ ತಣ್ಣಗಿರೋದು ಕಡಿಮೆ. ನಾಲ್ಕು ದಿನದೊಳಗೆ ಮುಗಿಸಿ. ಆಲಿವ್ ಎಣ್ಣೆ ಅಲ್ಲಿ ಗಟ್ಟಿಯಾಗಿ ಮಬ್ಬಾದರೆ ಗಾಬರಿ ಬೇಡ, ಹೊರಗಿಟ್ಟರೆ ಕರಗುತ್ತೆ. ಜಾಸ್ತಿ ಮಾಡಿದ್ದರೆ ಅವತ್ತೇ ಐಸ್ ಟ್ರೇಗೆ ಸುರಿದು ಫ್ರೀಜರ್‌ಗೆ ಇಡಿ, ಎರಡು ಮೂರು ತಿಂಗಳು ಬರುತ್ತೆ. ಬೇಕಾದಾಗ ಒಂದು ಗಡ್ಡೆ ತೆಗೆದರಾಯ್ತು. ನಾಲ್ಕು ಗಂಟೆಗಿಂತ ಹೆಚ್ಚು ಕರೆಂಟ್ ಇಲ್ಲದೆ ಫ್ರಿಜ್ ಬೆಚ್ಚಗಾಗಿದ್ದರೆ ಮಾತ್ರ ಆ ಎಣ್ಣೆಯ ಆಸೆ ಬಿಡಿ.

ಹೊರಗೆ ಇಡಲೇಬೇಕು ಅನ್ನೋರಿಗೆ ಎರಡು ದಾರಿ ಇದೆ. ಸುಲಭದ್ದು, ಎಲೆಯನ್ನು ನೆರಳಲ್ಲಿ ಕೈಲಿ ಪುಡಿಯಾಗುವಷ್ಟು ಒಣಗಿಸಿ ಹಾಕೋದು. ತೇವ ಇಲ್ಲದ ಕಡೆ ಆ ಬ್ಯಾಕ್ಟೀರಿಯಾ ಬೆಳೆಯಲ್ಲ. ಘಮ ಅರ್ಧ ಹೋಗುತ್ತೆ, ನಿಜ. ಇನ್ನೊಂದು ಹುಳಿ ದಾರಿ, ಉಪ್ಪಿನಕಾಯಿಯದ್ದೇ ಲೆಕ್ಕ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, 50 ಗ್ರಾಂ ಎಲೆಯನ್ನು ಪೂರ್ತಿ ಮುಳುಗಿಸಿ 24 ಗಂಟೆ ಬಿಡಿ. ಸಿಟ್ರಿಕ್ ಆಸಿಡ್ ಅನ್ನು ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಎಲೆ ಮೇಲೆ ತೇಲದ ಹಾಗೆ ಚಿಕ್ಕ ತಟ್ಟೆ ಇಟ್ಟು ಒತ್ತಿ. ಆಮೇಲೆ ನೀರು ಬಸಿದು ಅರ್ಧ ಲೀಟರ್ ಎಣ್ಣೆಗೆ ಹಾಕಿ, ಹತ್ತು ದಿನದೊಳಗೆ ಸೋಸಿ. ಇಲ್ಲಿ ಕಣ್ಣಳತೆ ಬೇಡ, ತಕ್ಕಡಿಯಲ್ಲೇ ತೂಗಿ.

ಪ್ರಶ್ನೆ: ನಮ್ಮ ಕಡೆ ಹೂವಿನ ಜೊತೆ ಕಟ್ಟುವ ಕಾಮಕಸ್ತೂರಿಯೂ ಬೇಸಿಲ್ಲೂ ಒಂದೇನಾ? ತುಳಸಿ ಹಾಕಬಹುದಾ? – ಓದುಗರು, ತುಮಕೂರು

ಉತ್ತರ: ಎರಡೂ ಒಂದೇ ಜಾತಿ, ತಳಿ ಬೇರೆ. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಸುತ್ತೀವಲ್ಲ ಕಾಮಕಸ್ತೂರಿ ಬೀಜ, ಅದೂ ಇದರದ್ದೇ. ನಮ್ಮ ಕಾಮಕಸ್ತೂರಿಯ ಘಮ ಇನ್ನೂ ಖಡಕ್ಕು, ಎಲೆ ಅರ್ಧ ಹಾಕಿದರೆ ಸಾಕು. ಆದರೆ ಹೂವಿನ ಅಂಗಡಿಯ ಕಟ್ಟು ತರಬೇಡಿ. ಅದು ಮುಡಿಯಲು ಬೆಳೆದಿದ್ದು, ತಿನ್ನಲು ಅಲ್ಲ. ಏನು ಔಷಧಿ ಹೊಡೆದಿರುತ್ತಾರೋ! ಗ್ರಂಧಿಗೆ ಅಂಗಡಿಯಿಂದ ಬೀಜ ತಂದು ಕುಂಡಕ್ಕೆ ಉದುರಿಸಿ, ತೆನೆ ಕಂಡ ತಕ್ಷಣ ಚಿವುಟುತ್ತಾ ಇರಿ. ತುಳಸಿ ಬೇರೆ ಜಾತಿ, ಲವಂಗದ ಖಾರ ಇರುತ್ತೆ. ಎಣ್ಣೆಯಲ್ಲಿ ಅದು ಕಷಾಯದ ನೆನಪು ತರುತ್ತೆ, ನನಗೆ ಹಿಡಿಸಲಿಲ್ಲ.

ಪ್ರಶ್ನೆ: ಆಲಿವ್ ಬದಲು ಗಾಣದ ಕಡ್ಲೆಕಾಯಿ ಎಣ್ಣೆ ಆಗುತ್ತಾ? ಮಾಡಿ ಮಾರಬೇಕು ಅಂತಿದ್ದೀನಿ. – ಓದುಗರು, ಕೋಲಾರ

ಉತ್ತರ: ಧಾರಾಳವಾಗಿ ಆಗುತ್ತೆ, ಆದರೆ ಕಡ್ಲೆಕಾಯಿ ವಾಸನೆ ಮುಂದೆ ಬರುತ್ತೆ. ಮೇಲೆ ಹೇಳಿದ ಎಚ್ಚರಿಕೆ ಎಲ್ಲ ಎಣ್ಣೆಗೂ ಒಂದೇ. ಮಾರೋದಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಹಸಿ ಎಲೆ ತೇಲುವ ಬಾಟಲಿ ನೋಡೋಕೆ ಚೆಂದ, ಅದನ್ನಂತೂ ಮಾರಬೇಡಿ. ಒಣಗಿಸಿದ್ದರಿಂದ ಶುರು ಮಾಡಿ. ಮನೆ ಮಟ್ಟಿಗಾದರೆ ನಿಮ್ಮೂರಿನ ಟೊಮ್ಯಾಟೊ ಬಿಲ್ಲೆ ಹೆಚ್ಚಿ, ಉಪ್ಪು ಉದುರಿಸಿ, ಅವತ್ತೇ ಮಾಡಿದ ಬೇಸಿಲ್ ಎಣ್ಣೆ ಒಂದು ಚಮಚ ಹಾಕಿ ಬಿಸಿ ಅಕ್ಕಿ ರೊಟ್ಟಿ ಜೊತೆ ತಿಂದು ನೋಡಿ.