ಲೂಪಸ್ ಮಾತ್ರೆ ಬಿಟ್ಟು ಚೀನೀ ಚಿಕಿತ್ಸೆ ಹಿಡಿಯಲೇ?

ಪ್ರಶ್ನೆ: ನಾನು ಗದಗ-ಬೆಟಗೇರಿಯ ಗೃಹಿಣಿ. ಆರು ವರ್ಷಗಳಿಂದ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡರೂ ಬೆಳಿಗ್ಗೆ ಜೋಳದ ಹಿಟ್ಟು ನಾದಲು ಬೆರಳು ಬಗ್ಗುವುದಿಲ್ಲ. ಅತ್ತೆಯವರಿಗೆ ಇದು ಮೈಗಳ್ಳತನ. ಹುಬ್ಬಳ್ಳಿಯಲ್ಲಿ ಚೀನೀ ಪದ್ಧತಿಯ ಚಿಕಿತ್ಸಕರೊಬ್ಬರು ಗಂಟೆಗಟ್ಟಲೆ ನನ್ನ ಮಾತು ಕೇಳಿ, ನಾಲಿಗೆ ನೋಡಿ, ಎರಡೂ ಕೈಗಳ ನಾಡಿ ಹಿಡಿದರು. ಸೂಜಿ ಚಿಕಿತ್ಸೆಯ ಜೊತೆಗೆ ಪುಡಿಯ ಪೊಟ್ಟಣ ಕೊಟ್ಟು, ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೆ ಮಾತ್ರ ಗುಣ ಎಂದಿದ್ದಾರೆ. ಯಜಮಾನರು ದುಡ್ಡು ದಂಡ ಎನ್ನುತ್ತಾರೆ. ನಮ್ಮ ಡಾಕ್ಟರಿಗೆ ಹೇಳಲು ಅಂಜಿಕೆ. ಏನು ಮಾಡಲಿ?

ಉತ್ತರ: ಸಹೋದರಿ, ಮಾತ್ರೆ ನಿಲ್ಲಿಸಿದ್ದರೆ ಇಂದೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಇಲ್ಲವಾದರೆ ನಿಲ್ಲಿಸಲೇಬೇಡಿ. ಬಹುಕಾಲ ಸ್ಟೀರಾಯ್ಡ್ ಸೇವಿಸಿದ ದೇಹ ಅದೇ ಬಗೆಯ ಹಾರ್ಮೋನನ್ನು ತಾನೇ ತಯಾರಿಸುವುದನ್ನು ಕಡಿಮೆ ಮಾಡಿಕೊಂಡಿರುವುದರಿಂದ, ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇನ್ನೊಂದು ಮಾತ್ರೆ ಬಿಟ್ಟರೆ ಲೂಪಸ್ ಮತ್ತೆ ಕೆರಳುವ ಭಯವಿದೆ. ಇವನ್ನು ಬಿಡಿಸಿಯೇ ಚಿಕಿತ್ಸೆ ಆರಂಭಿಸುವೆನೆನ್ನುವವರು ಯಾವ ಪದ್ಧತಿಯವರೇ ಆಗಲಿ, ಅವರ ಬಳಿ ಮತ್ತೆ ಹೋಗಬೇಡಿ.

ಸೂಜಿಯ ಮಾತು ಬೇರೆ. ಅಕ್ಯುಪಂಕ್ಚರ್‌ಗೆ ಕೇಂದ್ರ ಸರ್ಕಾರ 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯತೆ ನೀಡಿದೆ. ಬೆನ್ನು, ಮೊಣಕಾಲಿನ ಹಳೆಯ ನೋವಿಗೆ ಅದರಿಂದ ಕೆಲವರಿಗೆ ಆರಾಮ ಸಿಗುತ್ತದೆ, ಲೂಪಸ್ ಮಾತ್ರ ಅದರಿಂದ ಹತೋಟಿಗೆ ಬಾರದು. ಮಾಡಿಸುವುದಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಸಾಕಷ್ಟಿದೆಯೇ ಎಂದು ವೈದ್ಯರಲ್ಲಿ ವಿಚಾರಿಸಿಕೊಳ್ಳಿ, ನಿಮ್ಮೆದುರೇ ಸೀಲ್ ಒಡೆದ ಹೊಸ ಸೂಜಿಯನ್ನಷ್ಟೇ ಚುಚ್ಚಿಸಿಕೊಳ್ಳಿ. ಸ್ಟೀರಾಯ್ಡ್ ಸೇವಿಸುವವರಿಗೆ ಸೋಂಕು ಬೇಗ ತಗಲುತ್ತದೆ.

ನನಗೆ ಹೆದರಿಕೆ ಪುಡಿಯದು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಗಿಡಮೂಲಿಕೆಯಲ್ಲಿ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಎಂಬ ವಿಷಕಾರಿ ಜಾತಿಯ ಗಿಡದ ಬೇರು ಸೇರಿಬಿಟ್ಟು ಹಲವಾರು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಲೂಪಸ್ ಮೊದಲೇ ಮೂತ್ರಪಿಂಡಕ್ಕೆ ಸದ್ದಿಲ್ಲದೆ ಕೈಹಾಕುವ ಕಾಯಿಲೆ. ಚೀನೀ ಔಷಧಗಳಲ್ಲಿ ಧಾರಾಳವಾಗಿ ಬಳಸುವ ಜೇಷ್ಠಮಧು ಕೂಡ, ನಮ್ಮ ಮನೆಗಳಲ್ಲಿ ಕೆಮ್ಮಿಗೆ ಕೊಡುವುದೇ ಆದರೂ, ಹೆಚ್ಚು ದಿನ ಸ್ಟೀರಾಯ್ಡ್ ಜೊತೆ ಸೇರಿದರೆ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸಬಲ್ಲದು. ಹಾಗೆಂದು ಎಲ್ಲವೂ ಪೊಳ್ಳಲ್ಲ. ಮಲೇರಿಯಾದ ಔಷಧ ಆರ್ಟಿಮಿಸಿನಿನ್ ಚೀನೀ ಗಿಡಮೂಲಿಕೆಯಿಂದಲೇ ಬಂದಿದ್ದು, ಅದಕ್ಕಾಗಿ ಚೀನಾದ ವಿಜ್ಞಾನಿ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಸಂದಿತು. ಆದರೆ ಅದು ಪ್ರಮಾಣ ಗೊತ್ತುಮಾಡಿ ಪರೀಕ್ಷಿಸಿದ ಔಷಧ. ನಿಮ್ಮ ಪೊಟ್ಟಣದ ಮೇಲೆ ಒಳಗಿನ ಮೂಲಿಕೆಗಳ ಹೆಸರಿದೆಯೇ? ಇಲ್ಲದಿದ್ದರೆ ಮುಟ್ಟಬೇಡಿ.

ಡಾಕ್ಟರು ಸಿಡುಕಿದರೂ ಚಿಂತೆಯಿಲ್ಲ, ಪೊಟ್ಟಣಗಳನ್ನು ಅವರೆದುರು ಇಡಿ. ಈಗಾಗಲೇ ಸೇವಿಸಿದ್ದರೆ ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ನೋಡಬೇಕಾಗುತ್ತದೆ. ಬೆರಳುಗಳ ಬಿಗಿತ ಬೆಳಿಗ್ಗೆ ಎಷ್ಟು ಹೊತ್ತು ಇರುತ್ತದೆಂದು ಬರೆದುಕೊಂಡು ಹೋಗಿ. ಅದರ ಮೇಲೆ ಔಷಧ ಬದಲಿಸುವ ದಾರಿಯಿದೆ. ಗಂಟೆಗಟ್ಟಲೆ ಕೇಳಿಸಿಕೊಂಡವರ ಮೇಲೆ ನಂಬಿಕೆ ಹುಟ್ಟುವುದು ಸಹಜ, ನಿಮ್ಮ ಮನೆಯಲ್ಲಿ ಅಷ್ಟನ್ನು ಯಾರೂ ಮಾಡಿಲ್ಲವೆಂಬುದೂ ಪತ್ರದಲ್ಲಿ ಕಾಣುತ್ತದೆ. ಈ ಸಲದ ತಪಾಸಣೆಗೆ ಯಜಮಾನರನ್ನೂ ಕರೆದೊಯ್ಯಿರಿ. ಲೂಪಸ್‌ನ ದಣಿವು ಮೈಗಳ್ಳತನವಲ್ಲವೆಂದು ವೈದ್ಯರ ಬಾಯಿಂದ ಕೇಳಿ ಬಂದ ಮಗನೇ ತಾಯಿಗೆ ಹೇಳಲಿ; ಸೊಸೆ ಹೇಳಿದರೆ ಅದು ನೆಪವಾಗುತ್ತದೆ.