ಎರಡು ಚಿತ್ರಗಳಲ್ಲಿ ಅಕ್ಕ ಯಾರು?

ಪತ್ರ: ಫೋಟೊ ನೋಡಿಕೊಂಡು ಅಕ್ಕನ ಮುಖವನ್ನು ಪೆನ್ಸಿಲ್‌ನಲ್ಲಿ ಬಿಡಿಸಿದೆ. "ಮುಖ ಸೊಟ್ಟಗಿದೆ, ನಾನು ಹೀಗಿಲ್ಲ" ಅಂದಳು. ಸ್ಕೇಲ್ ಹಿಡಿದು ಎಡಬಲ ಸಮ ಮಾಡಿ ಇನ್ನೊಂದು ಬಿಡಿಸಿದೆ. ಅದು ಅವಳಿಗೆ ತುಂಬ ಇಷ್ಟವಾಯಿತು. ಆದರೆ ಅವಳ ಮಕ್ಕಳು "ಚೆನ್ನಾಗಿದೆ, ಆದರೆ ಇದು ಅಮ್ಮ ಅಲ್ಲ" ಅನ್ನುತ್ತಾರೆ. ಎಡಬಲ ಸಮನಾಗಿರುವ ಮುಖವೇ ಸುಂದರ ಅಂತ ಓದಿದ್ದೇನೆ. ನಾನು ಮಾಡಿದ್ದು ಸರಿ ಅಲ್ವಾ? ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ:

ನೀವು ಕಳಿಸಿದ ಫೋಟೊ ಮತ್ತು ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಮಾತು ಕೇಳಿ.

ಮೊದಲ ಚಿತ್ರದಲ್ಲಿ ಒಂದು ಹುಬ್ಬು ಕೂದಲೆಳೆಯಷ್ಟು ಮೇಲಿದೆ. ತುಟಿಯ ಒಂದು ಅಂಚು ಒಳಗೆ ಸೇರಿಕೊಂಡಿದೆ, ಏನೋ ಹೇಳಲು ಹೋಗಿ ಸುಮ್ಮನಾದ ಹಾಗೆ. ಫೋಟೊದಲ್ಲೂ ಹಾಗೇ ಇದೆ. ಎರಡನೆಯದರಲ್ಲಿ ಹುಬ್ಬು ಇಳಿದಿದೆ, ತುಟಿ ನೇರವಾಗಿದೆ. ಹುಬ್ಬಿನ ಮೇಲೆ ರಬ್ಬರ್ ಉಜ್ಜಿದ ಗುರುತು ಇನ್ನೂ ಕಾಣುತ್ತದೆ. ಅಂದರೆ ಅಲ್ಲೂ ನಿಮ್ಮ ಕೈ ಮೊದಲು ಸರಿಯಾಗೇ ಬರೆದಿತ್ತು. ಸ್ಕೇಲ್ ಬಂದದ್ದು ಆಮೇಲೆ.

ಹಾಗಂತ ಅಕ್ಕ ಸುಳ್ಳು ಹೇಳುತ್ತಿಲ್ಲ. ಅವರು ತಮ್ಮ ಮುಖವನ್ನು ನೋಡಿರುವುದೆಲ್ಲ ಹೆಚ್ಚಾಗಿ ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕೆಲವು ಮಹಿಳೆಯರ ಫೋಟೊ ತೆಗೆದು, ಅದರ ಕನ್ನಡಿ ಪ್ರತಿಯನ್ನೂ ಮಾಡಿ ತೋರಿಸಿದರು. ಜಾಸ್ತಿ ಜನ ತಮ್ಮ ಕನ್ನಡಿ ಪ್ರತಿಯನ್ನೇ ಮೆಚ್ಚಿಕೊಂಡರು. ಅವರ ಸ್ನೇಹಿತರು ಮೆಚ್ಚಿದ್ದು ಇದ್ದ ಹಾಗಿರುವ ಫೋಟೊವನ್ನು. ನಮ್ಮಲ್ಲೂ ಒಮ್ಮೆ ಹೀಗಾಗಿತ್ತು. ಕಣ್ಣು ಪುಟದ ಒಳಗಡೆಗೆ ನೋಡಲಿ ಅಂತ ಒಬ್ಬ ಲೇಖಕರ ಫೋಟೊವನ್ನು ಎಡಬಲ ತಿರುಗಿಸಿ ಹಾಕಿಬಿಟ್ಟೆವು. ಫೋಟೊ ಚೆನ್ನಾಗಿ ಬಂದಿದೆ ಅಂತ ಲೇಖಕರು ಖುಷಿಪಟ್ಟರು. ಅವರ ಹೆಂಡತಿ ಪುಟ ತೆರೆದವರೇ "ಇವರಿಗೇನಾಗಿದೆ?" ಅಂತ ಗಾಬರಿಯಾದರಂತೆ. ಅಂದಿನಿಂದ ನಾವು ಯಾರ ಮುಖವನ್ನೂ ತಿರುಗಿಸಿಲ್ಲ.

ಇನ್ನು ನೀವು ಓದಿದ ವಿಷಯ. ಅದರಲ್ಲಿ ನಿಜ ಇದೆ. 1878ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಫೋಟೊಗಳನ್ನು ಒಂದರ ಮೇಲೊಂದು ಮೂಡಿಸಿ ನೋಡಿದರು. ಅಪರಾಧಿಯ ಮುಖ ಹೇಗಿರುತ್ತದೆ ಅಂತ ಕಂಡುಹಿಡಿಯುವುದು ಅವರ ಆಸೆ. ಬಂದದ್ದು ಮಾತ್ರ ಬಿಡಿ ಬಿಡಿ ಫೋಟೊಗಳಿಗಿಂತ ಚೆನ್ನಾಗಿರುವ ಮುಖ! 1990ರಲ್ಲಿ ಕಂಪ್ಯೂಟರ್‌ನಲ್ಲಿ 32 ಮುಖಗಳನ್ನು ಬೆರೆಸಿದಾಗಲೂ ಹಾಗೇ ಆಯಿತು. ಬೆರೆಸಿದಷ್ಟೂ ಸೊಟ್ಟಪಟ್ಟ ಎಲ್ಲ ಕರಗಿ ಎಡಬಲ ಸಮವಾಗುತ್ತದೆ, ಕಣ್ಣಿಗೆ ಹಿತವಾಗುತ್ತದೆ. ಆದರೆ ಆ 32 ಜನರಲ್ಲಿ ಒಬ್ಬರ ತಾಯಿಯೂ ಅದನ್ನು ನನ್ನ ಮಗು ಅನ್ನಲಾರಳು.

ನಾವು ಚೆಂದದ ಮುಖಕ್ಕೆ "ತಿದ್ದಿ ತೀಡಿದ ಹಾಗಿದೆ" ಅನ್ನುತ್ತೇವೆ, "ಲಕ್ಷಣವಾಗಿದೆ" ಅಂತಲೂ ಅನ್ನುತ್ತೇವೆ. ಲಕ್ಷಣ ಅಂದರೆ ಗುರುತು ಕೂಡ. ನೀವು ತಿದ್ದಿ ತೀಡುವ ಭರದಲ್ಲಿ ಆ ಗುರುತನ್ನೇ ಅಳಿಸಿದಿರಿ. 1987ರಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪರಿಚಿತರ ಮುಖಗಳ ಗೆರೆಚಿತ್ರಗಳನ್ನು ಕಂಪ್ಯೂಟರ್‌ನಿಂದ ಮೂರು ರೀತಿ ಮಾಡಿದರು: ಇದ್ದ ಹಾಗೆ, ವಿಶೇಷಗಳನ್ನು ಹಿಗ್ಗಿಸಿ, ವಿಶೇಷಗಳನ್ನು ತಗ್ಗಿಸಿ. ಜನ ಬೇಗ ಗುರುತು ಹಿಡಿದದ್ದು ಹಿಗ್ಗಿಸಿದ್ದನ್ನು. ತಗ್ಗಿಸಿದ್ದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ನಿಮ್ಮ ಎರಡನೇ ಚಿತ್ರ ಈ ಮೂರನೇ ಜಾತಿಯದು.

ಒಂದು ಎಚ್ಚರಿಕೆ. ಸೊಟ್ಟದಲ್ಲಿ ಎರಡು ಬಗೆ. ಮುಖದ್ದು ಒಂದು, ಕೈಯದ್ದು ಇನ್ನೊಂದು. ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಬಿಡಿಸಿದರೆ ಮುಖ ಗೊತ್ತಿಲ್ಲದೆ ಉದ್ದವಾಗುತ್ತದೆ. ಹಲಗೆಯನ್ನು ಓರೆಯಾಗಿ ನಿಲ್ಲಿಸಿಕೊಳ್ಳಿ. ಫೋಟೊ, ಚಿತ್ರ ಎರಡನ್ನೂ ತಲೆಕೆಳಗು ಮಾಡಿ ಹೋಲಿಸಿ. ಫೋಟೊದಲ್ಲಿ ಇಲ್ಲದ ಸೊಟ್ಟ ಕಂಡರೆ ಧಾರಾಳವಾಗಿ ತಿದ್ದಿ.

ಅಕ್ಕನ ಮನಸ್ಸಿಗೂ ನೋವಾಗಬಾರದು ಅಂತಿದ್ದರೆ ಕೋನ ಬದಲಿಸಿ. ಇಟಲಿಯ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಉರ್ಬಿನೊದ ದೊರೆ ಫೆದೆರಿಗೊನನ್ನು ಚಿತ್ರಿಸಿದ್ದು ಹೀಗೆ. ಕಾಳಗದ ಪಂದ್ಯದಲ್ಲಿ ದೊರೆಯ ಬಲಗಣ್ಣು ಹೋಗಿತ್ತು. ಕಲಾವಿದ ಎಡ ಮಗ್ಗುಲನ್ನು ಆರಿಸಿಕೊಂಡ. ಆದರೆ ಮೂಗಿನ ಬುಡದಲ್ಲಿದ್ದ ಆಳವಾದ ಕಚ್ಚನ್ನು ಹಾಗೇ ಬಿಟ್ಟ, ಕೆನ್ನೆಯ ಗಂಟುಗಳನ್ನೂ ಬಿಟ್ಟ. ಐನೂರು ವರ್ಷ ದಾಟಿದರೂ ಆ ಮುಖವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅಕ್ಕನನ್ನು ದೊಡ್ಡ ಕನ್ನಡಿಯ ಮುಂದೆ ಕೂರಿಸಿ. ಮೊದಲ ಚಿತ್ರವನ್ನು ಅವರ ಮುಖದ ಪಕ್ಕದಲ್ಲಿ, ಕನ್ನಡಿಗೆ ಎದುರಾಗಿ ಹಿಡಿಯಿರಿ. ಕಾಗದವನ್ನು ನೋಡುವುದು ಬೇಡ, ಕನ್ನಡಿಯಲ್ಲೇ ಎರಡನ್ನೂ ನೋಡಲಿ. ಅಲ್ಲಿ ಚಿತ್ರವೂ ಅವರಿಗೆ ಅಭ್ಯಾಸವಿರುವ ಕಡೆಗೇ ತಿರುಗಿರುತ್ತದೆ. ಅವರು ಏನಂದರು ಅಂತ ನನಗೆ ಬರೆಯಿರಿ.